ಯಾರೂ ಬೀಳದ ಮರ

ಸಂಜೆ ಆರೂವರೆಯ ಬಸ್ಸು ಜೀವಿತಾಳನ್ನು ನೊಣವಿನಕೆರೆಯಲ್ಲಿ ಇಳಿಸುವ ಹೊತ್ತಿಗೆ ಅವಳ ಅಪ್ಪ ರಾಜಣ್ಣ ಮೋಡದ ಮೇಲಿರುತ್ತಿದ್ದ.

ನಡುಮನೆಯ ಮೂಲೆಯಲ್ಲಿ, ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಗೆ ಒರಗಿಸಿದ ಊರುಗೋಲು. ರಾಜಣ್ಣ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಮೌಸನ್ನು ಹಿಡಿದು ಉಸಿರು ತೆಗೆಯುವಷ್ಟೇ ನಿಧಾನವಾಗಿ ಸರಿಸುತ್ತಿದ್ದ. ಪರದೆಯ ಮೇಲೆ ಒಂದು ಮರ. ಅದಕ್ಕೆ ಬುಡವಿತ್ತು, ತುದಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಎಷ್ಟು ಹತ್ತಿದರೂ ಮೇಲೆ ಇನ್ನೊಂದು ಕೊಂಬೆ, ಅದರ ಮೇಲೆ ಹಕ್ಕಿಗಳು, ಹಕ್ಕಿಗಳ ಮೇಲೆ ಹಾಲಿನಂಥ ಬೆಳಕು. ಗುಬ್ಬಚ್ಚಿಯಷ್ಟು ಚಿಕ್ಕದಾಗಿ ಕಾಣುವ ಒಬ್ಬ ಮನುಷ್ಯ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುತ್ತ ಏರುತ್ತಲೇ ಇರುತ್ತಿದ್ದ. ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ರಾಜಣ್ಣ ಅದನ್ನು ದೊಡ್ಡಮರ ಎಂದು ಕರೆದಿದ್ದ, ಮನೆಯಲ್ಲಿ ಅದೇ ಹೆಸರು ಉಳಿಯಿತು.

ಮೂವತ್ತು ವರ್ಷ ಊರವರ ತೋಟಗಳಲ್ಲಿ ತೆಂಗಿನ ಮರ ಹತ್ತಿ ಕಾಯಿ ಕಿತ್ತ ಕೈ ಅದು. ನಾಲ್ಕು ವರ್ಷದ ಹಿಂದೆ ಕೆರೆ ಪಕ್ಕದ ತೋಟದಲ್ಲಿ ಬಿದ್ದು ಸೊಂಟ ಮುರಿದಿತ್ತು. ಮುರಿದದ್ದು ಕೂಡಿತು, ಆದರೆ ಆಮೇಲೆ ರಾಜಣ್ಣ ಮರಗಳ ಮಾತು ಆಡುವುದನ್ನೇ ಬಿಟ್ಟಿದ್ದ. ತೋಟದ ಕಡೆ ಬೆನ್ನು ಮಾಡಿ ಜಗಲಿಯಲ್ಲಿ ಕೂರುತ್ತಿದ್ದ.

ಜೀವಿತಾ ತುರುವೇಕೆರೆಯ ಬಸ್ ನಿಲ್ದಾಣದ ಹತ್ತಿರ ಜ್ಞಾನೇಶನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಫೋಟೋ ಕತ್ತರಿಸುವುದು. ಬಿ.ಕಾಂ.ಅನ್ನು ಸಂಜೆ ಕಾಲೇಜಿನಲ್ಲಿ ಮುಗಿಸಿದವಳು. ಎಲ್ಲರೂ ಹಗಲಲ್ಲಿ ಕಲಿತದ್ದನ್ನು ತಾನು ಅರೆನಿದ್ದೆಯಲ್ಲಿ ಕಲಿತೆನೆಂಬ ಅಳುಕು ಅವಳಿಗೆ ಹೋಗಿರಲಿಲ್ಲ. ಒಂದು ಅರ್ಜಿಯನ್ನು ಮೂರು ಸಲ ಓದದೆ ಕಳಿಸುತ್ತಿರಲಿಲ್ಲ. ಜ್ಞಾನೇಶ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅವಳಿಗೆ ಕೊಟ್ಟ. ಅಪ್ಪನಿಗೆ ಏನಾದರೂ ಹಾಕಿಕೊಡೋಣವೆಂದು ಹುಡುಕುತ್ತಿದ್ದಾಗ ಈ ಮರ ಕಣ್ಣಿಗೆ ಬಿದ್ದಿತ್ತು.

ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಬಹಳಷ್ಟು ಆಟಗಳು ದುಡ್ಡು ಕೊಟ್ಟು ಕೊಂಡ ಮೇಲೂ ಪ್ರತಿಸಲ ನೆಟ್‌ನಲ್ಲಿ ಕೇಳಿ, ನೀನು ಯಾರು, ಇದು ನಿನ್ನದೇನಾ ಎಂದು ವಿಚಾರಿಸಿಯೇ ಬಾಗಿಲು ತೆಗೆಯುತ್ತವೆ. ಈ ಆಟ ಮಾರುವ ತಾಣದಲ್ಲಿ ಅಂಥ ಬೀಗವಿರಲಿಲ್ಲ. ಕೊಂಡರೆ ಪೂರ್ತಿ ನಿಮ್ಮದು, ಇಳಿಸಿಕೊಳ್ಳಿ, ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಳ್ಳಿ ಎಂದು ಬರೆದಿತ್ತು. ಊಟದ ಬಿಡುವಿನಲ್ಲಿ ಅಂಗಡಿಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯಬಹುದಿತ್ತು. ಬೀಗವಿಲ್ಲದ್ದು ಎಲ್ಲೆಲ್ಲೋ ಪುಕ್ಕಟೆ ಸಿಗುತ್ತದೆ, ದುಡ್ಡು ಯಾಕೆ ಹಾಕುತ್ತೀ ಎಂದು ಜ್ಞಾನೇಶ ನಕ್ಕಿದ್ದ. ಬೇಲಿ ಇಲ್ಲದ ತೋಟವೆಂದು ಯಾರಾದರೂ ಕಾಯಿ ಕಿತ್ತುಕೊಳ್ಳುತ್ತಾರೆಯೇ ಎಂದು ಅವಳು ಕೇಳಿದಳು. ‘ಈ ಸೀಮೇಲಾ? ಬೇಲಿ ಇದ್ರೂ ಕೀಳ್ತಾರೆ ಕಣಮ್ಮ’ ಅಂದ ಜ್ಞಾನೇಶ. ಅವಳು ಕಾರ್ಡಿನ ನಂಬರನ್ನು ನಾಲ್ಕು ಸಲ ಸರಿನೋಡಿ ಕೊಂಡೇಬಿಟ್ಟಳು.

ಅಂದಿನಿಂದ ಮನೆಯಲ್ಲಿ ಮತ್ತೆ ಮರದ ಮಾತು ಶುರುವಾಯಿತು. ಈ ಮರ ಮಾಡಿದವರು ಮರ ಹತ್ತಿದವರಲ್ಲ ಎಂದು ರಾಜಣ್ಣ ಮೊದಲ ವಾರವೇ ತೀರ್ಮಾನಿಸಿದ. ಹತ್ತಿದವನು ಹಿಡಿಯುವ ಮುಂಚೆ ಅಲ್ಲಾಡಿಸಿ ನೋಡುತ್ತಾನೆ, ಇವನು ನೋಡುವುದಿಲ್ಲ. ಬೆವರುವುದಿಲ್ಲ. ‘ಕೈ ಸೋಲೋದೇ ಇಲ್ವಲ್ಲ ಮಗ ಇವ್ನಿಗೆ’ ಎನ್ನುತ್ತಿದ್ದ. ಹೌದು, ದೊಡ್ಡಮರದಲ್ಲಿ ಯಾರೂ ಬೀಳುತ್ತಿರಲಿಲ್ಲ. ಕೈ ಜಾರಿದರೂ ಮನುಷ್ಯ ಗಾಳಿಯಲ್ಲಿ ಒಂದು ಕ್ಷಣ ತೇಲಿ, ಎಲೆಯೊಂದು ಹಿಡಿದಂತೆ ಹಿಂದಕ್ಕೆ ಬಂದು ಅಂಟಿಕೊಳ್ಳುತ್ತಿದ್ದ. ಬೈಯುತ್ತಲೇ ರಾಜಣ್ಣ ಹತ್ತುತ್ತಿದ್ದ. ಒಂದೊಂದು ಕೊಂಬೆಗೆ ಒಂದೊಂದು ತೋಟದ ಹೆಸರಿಟ್ಟಿದ್ದ. ಮೋಡ ದಾಟಿದ ಮೇಲೆ ಕೆಳಗೆ ಹೊಳೆಯುವ ನೀರನ್ನು ನಮ್ಮ ಕೆರೆಯೇ ಎನ್ನುತ್ತಿದ್ದ.

ಅವನ ಹೆಂಡತಿ ವನಜಾಕ್ಷಿ ಮಾತ್ರ ಅತ್ತ ತಿರುಗಿ ನೋಡಿದವಳಲ್ಲ. ಅವನು ಹತ್ತಿದ ಮರಗಳ ಬುಡದಲ್ಲೆಲ್ಲ ನಿಂತು ಮೇಲೆ ನೋಡುತ್ತ ಕಾಯಿ ಆಯ್ದವಳು ಅವಳು, ಅವನು ಬಿದ್ದ ದಿನವೂ. ಅಡುಗೆಮನೆಯಿಂದ ನಡುಮನೆಗೆ ಬರಬೇಕಾದರೂ ಮುಖ ಗೋಡೆಯ ಕಡೆಗೆ ಇಟ್ಟುಕೊಂಡು ಬರುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಆ ತಾಣದಿಂದ ಮೇಲ್ ಬಂತು. ಆಟ ಹೊಸದಾಗಿದೆ, ಕೊಂಡವರಿಗೆ ಪುಕ್ಕಟೆ. ಬದಲಾವಣೆಯ ಪಟ್ಟಿಯನ್ನು ಜೀವಿತಾ ನಿಘಂಟು ಹಿಡಿದು ಓದಿದಳು. ಹತ್ತುವುದು ಈಗ ಇನ್ನಷ್ಟು ನಿಜ, ಕೈಗೆ ದಣಿವಿದೆ, ಮೈಗೆ ಭಾರವಿದೆ ಎಂದಿತ್ತು. ಅಪ್ಪ ಕೇಳಿದ್ದೇ ಬಂತಲ್ಲ ಎಂದು ಅವಳ ಎದೆ ಹಗುರಾಯಿತು. ಇಳಿಸಿಕೊಂಡಳು. ಇಳಿಸುವ ಮುಂಚೆ, ಯೋಚನೆಯನ್ನೂ ಮಾಡದೆ, ಹಳೆಯದನ್ನು ಅಂಗಡಿಯ ಕಂಪ್ಯೂಟರಿನಿಂದಲೂ ಪೆನ್‌ಡ್ರೈವ್‌ನಿಂದಲೂ ಅಳಿಸಿದಳು. ಮನೆಗೆ ಬಂದು ಅಲ್ಲಿಯೂ ತೆಗೆದಳು. ಅಟ್ಟಕ್ಕೆ ಹೊಸ ಕಾಯಿ ಏರಿಸುವ ಮುಂಚೆ ಹಳೆಯ ಕೊಬ್ಬರಿಯನ್ನು ಪೂರ್ತಿ ಇಳಿಸಿ, ಗುಡಿಸಿ, ಖಾಲಿ ಮಾಡಬೇಕು. ಹಳೆಯದಕ್ಕೆ ಹೊಸದು ಬೆರೆತರೆ ಎರಡೂ ಕೆಡುತ್ತವೆ. ಆ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಕೈಯೇ ಕಲಿತಿರುತ್ತದೆ.

ರಾಜಣ್ಣ ಅಂದು ಎಂದಿನಂತೆ ಹತ್ತಿದ. ಹೊಸ ಮರದಲ್ಲಿ ಗಾಳಿ ಜೋರಾಗಿತ್ತು. ತೊಗಟೆಯ ಗೆರೆಗಳು ಕಾಣುತ್ತಿದ್ದವು, ಮನುಷ್ಯ ಏದುಸಿರು ಬಿಡುವುದು ಕೇಳುತ್ತಿತ್ತು. ‘ಈಗ ಸರಿಯಾಯ್ತು’ ಅಂದ ರಾಜಣ್ಣ. ಮೋಡ ಇನ್ನೂ ಒಂದಾಳು ಮೇಲಿರುವಾಗ ಮನುಷ್ಯನ ಕೈ ನಡುಗಿತು. ರಾಜಣ್ಣ ಪಕ್ಕದ ಕೊಂಬೆಗೆ ಹೋದ. ಹಿಡಿತ ಸಿಗಲಿಲ್ಲ. ಎಲೆಗಳು ಮೇಲಕ್ಕೆ ಓಡಿದವು, ಕೊಂಬೆಗಳು ಮೇಲಕ್ಕೆ ಓಡಿದವು, ಹಕ್ಕಿಗಳು ಮೇಲೆಯೇ ಉಳಿದವು. ಆಮೇಲೆ ಬರೀ ಬಿಳಿ.

ಬಿಳಿ ಕರಗುವವರೆಗೆ ಅತ್ತಲೇ ನೋಡಿ, ರಾಜಣ್ಣ ಮೌಸನ್ನು ಮೊಟ್ಟೆಯಂತೆ ಜೋಪಾನವಾಗಿ ಕೆಳಗಿಟ್ಟ. ಊರುಗೋಲು ತೆಗೆದುಕೊಂಡ. ಜಗಲಿಗೆ ಹೋಗಿ ತೋಟಕ್ಕೆ ಬೆನ್ನು ಮಾಡಿ ಕೂತ.

ವನಜಾಕ್ಷಿ ಅಡುಗೆಮನೆಯ ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದಳು. ಜೀವಿತಾ ಹೇಳಿದಳು.

‘ಆಟದಲ್ಲೂ ಬೀಳಿಸ್ದ್ಯಲ್ಲೇ ನಿಮ್ಮಪ್ಪನ್ನ’ ಅಂದಳು ವನಜಾಕ್ಷಿ, ಸಿಟ್ಟಿಲ್ಲದೆ.

ಸಿಟ್ಟಿದ್ದಿದ್ದರೆ ಜೀವಿತಾಳಿಗೆ ಅಷ್ಟು ನೋಯುತ್ತಿರಲಿಲ್ಲ. ಮರುದಿನ ಅಂಗಡಿಯಲ್ಲಿ ತನ್ನ ಖಾತೆ ತೆರೆದು ನೋಡಿದಳು. ಅಲ್ಲಿ ಹೊಸದೊಂದೇ ಇತ್ತು. ಅಳಿಸಿದ್ದನ್ನು ವಾಪಸು ತರುವ ದಾರಿ ಹುಡುಕಿ ಸೋತಳು. ಬೀಗವಿರದ ವಸ್ತುವನ್ನು ಕಾಪಾಡುವುದು ಕೊಂಡವರ ಜವಾಬ್ದಾರಿ, ತಾನು ಅದನ್ನು ಕೈಯಾರೆ ಗುಡಿಸಿ ಹಾಕಿದ್ದೆ ಎಂಬುದು ಬಸ್ಸಿನಲ್ಲಿ ಕೂತರೂ, ಅನ್ನದ ಮುಂದೆ ಕೂತರೂ ಬಿಡಲಿಲ್ಲ. ಅಪ್ಪ ಮತ್ತೆ ಮೊದಲಿನಂತೆ ಮೌನವಾದರೆ? ಒಂದು ಸಲ ಮರದಿಂದ ಬಿದ್ದವನನ್ನು ನಾಲ್ಕು ವರ್ಷ ಕಾದು ಮೇಲೆ ಹತ್ತಿಸಿ, ತಾನೇ ದೂಡಿದಂತಾಯಿತಲ್ಲ?

ಆಟ ಮಾಡಿದವರು ಯಾವುದೋ ಚಳಿಯ ದೇಶದ ಗಂಡಹೆಂಡತಿ. ಅವರಿಗೆ ಕಾಗದ ಬರೆಯಲು ಕೂತಳು. ಏಳು ಸಲ ಬರೆದು, ಕೊನೆಗೆ ಉಳಿದದ್ದು ನಾಲ್ಕು ಸಾಲು. ನನ್ನ ತಂದೆ ಮರ ಹತ್ತುತ್ತಿದ್ದವರು, ಬಿದ್ದರು. ನಿಮ್ಮ ಹಳೆಯ ಮರದಲ್ಲಿ ಬೀಳುತ್ತಿರಲಿಲ್ಲ. ತಪ್ಪು ನನ್ನದು, ಅದನ್ನು ಅಳಿಸಿಬಿಟ್ಟೆ. ಇನ್ನೊಮ್ಮೆ ದುಡ್ಡು ಕೊಟ್ಟರೆ ಸಿಗುವುದೇ? ಕಳಿಸಿದ ಮೇಲೆ ಎರಡನೇ ಸಾಲಿನಲ್ಲಿ ವ್ಯಾಕರಣ ತಪ್ಪಿದೆಯೆಂದು ಹೊಳೆದು ಮೈಯೆಲ್ಲ ಬಿಸಿಯಾಯಿತು.

ಮಂಗಳವಾರ, ಬುಧವಾರ ರಾಜಣ್ಣ ಕಂಪ್ಯೂಟರಿನ ಕಡೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಜೀವಿತಾ ಹೊರಟಾಗಲೂ ಜಗಲಿಯಲ್ಲೇ ಇದ್ದ, ಬತ್ತೀನಿ ಅಪ್ಪ ಎಂದರೆ ತಲೆ ಆಡಿಸಿದ ಅಷ್ಟೆ.

ಅಂದು ಮಧ್ಯಾಹ್ನ ಉತ್ತರ ಬಂದಿತ್ತು. ದುಡ್ಡು ಬೇಡ, ನೀವು ಕೊಂಡದ್ದು ನಿಮ್ಮದೇ ಎಂದು ಬರೆದು ಹಳೆಯ ಆಟವನ್ನು ಇಳಿಸಿಕೊಳ್ಳುವ ಕೊಂಡಿ ಕಳಿಸಿದ್ದರು. ನಾವಿಬ್ಬರೂ ಜನ್ಮದಲ್ಲಿ ಮರ ಹತ್ತಿದವರಲ್ಲ, ನಿಮ್ಮ ತಂದೆಗೆ ನಮ್ಮ ಮರದಲ್ಲಿ ಏನಾದರೂ ತಪ್ಪು ಕಂಡಿದೆಯೇ, ಕೇಳಿ ತಿಳಿಸುವಿರಾ ಎಂದಿತ್ತು ಕೊನೆಯಲ್ಲಿ. ಜೀವಿತಾ ಇಳಿಸಿಕೊಂಡು ಮೂರು ಕಡೆ ಇಟ್ಟಳು. ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಸುತ್ತಿ, ಜ್ಞಾನೇಶನನ್ನು ಕೇಳಿಕೊಂಡು ಒಂದು ಗಂಟೆ ಮುಂಚೆಯೇ ಬಸ್ಸು ಹತ್ತಿದಳು.

ಜಗಲಿ ಖಾಲಿಯಾಗಿತ್ತು. ಒಳಗೆ ರಾಜಣ್ಣ ಪರದೆಯ ಮುಂದೆ ಕೂತಿದ್ದ. ಮನುಷ್ಯ ಹತ್ತುತ್ತಿದ್ದ. ಕೈ ನಡುಗಿತು. ರಾಜಣ್ಣ ಬೇರೆ ಕೊಂಬೆ ಹುಡುಕಲಿಲ್ಲ, ಸುಮ್ಮನೆ ಬಿಟ್ಟ. ಎಲೆಗಳು ಮೇಲಕ್ಕೆ ಓಡಿದವು, ಬಿಳಿ ಬಂತು. ಬಿಳಿ ಕರಗಿದ ಮೇಲೆ ಹುಲ್ಲು ಕಾಣಿಸಿತು. ಹುಲ್ಲಿನ ಮೇಲೆ ಮನುಷ್ಯ ಅಂಗಾತ ಮಲಗಿದ್ದ, ಮುಖದ ಮೇಲೆ ಎಲೆಯ ನೆರಳು ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಕೂತ.

‘ಬೆಳಗಿಂದ ಇದೇಯ’ ಅಂದಳು ವನಜಾಕ್ಷಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. ‘ಹತ್ತೋದು, ಬೀಳೋದು. ಹತ್ತೋದು, ಬೀಳೋದು.’

ಜೀವಿತಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

‘ಆವತ್ತು ಗರಿ ಕೈಗೆ ಕಿತ್ಕಂಡ್ ಬಂದಿದ್ದು ಗ್ಯಾಪ್ಕ ಐತೆ’ ಅಂದ ರಾಜಣ್ಣ, ಪರದೆಯನ್ನೇ ನೋಡುತ್ತ. ‘ಆಮ್ಯಾಕೆ ಆಸ್ಪತ್ರೆ ಮಂಚ. ಮಧ್ಯ ಏನೂ ಇಲ್ಲ ಕಣ್ ಮಗ. ನಾಕ್ ವರ್ಷದಿಂದ ಕಣ್ಮುಚ್ಚಿದ್ರೆ ಬೀಳ್ತಾನೇ ಇವ್ನಿ, ನೆಲಾನೇ ಸಿಕ್ತಿರ್ಲಿಲ್ಲ. ಇಲ್ಲಿ ಸಿಕ್ತು, ನೋಡು.’ ಹುಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ‘ರಾತ್ರಿ ನಿದ್ದೆ ಬಂತು.’

ವನಜಾಕ್ಷಿ ಹೌದೆಂದು ತಲೆ ಆಡಿಸಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಮಂಚದ ಅಂಚು ಹಿಡಿದುಕೊಳ್ಳದೆ ಮಲಗಿದ್ದನಂತೆ. ಸೋಮವಾರದಿಂದಲೇ. ಹೇಳಿದರೆ ದೃಷ್ಟಿಯಾದೀತೆಂದು ಸುಮ್ಮನಿದ್ದಳಂತೆ.

ತಾನು ಮಾಡಿದ್ದು ತಪ್ಪಲ್ಲವೆಂದು ನಂಬಲು ಜೀವಿತಾಳಿಗೆ ಧೈರ್ಯ ಸಾಲಲಿಲ್ಲ. ಕರ್ಚೀಫು ಬಿಚ್ಚಿ, ಹಳೆಯ ಮರವನ್ನು ತಂದಿದ್ದೇನೆ, ಈಗ ಬೇಡವೇನೋ ಎಂದಳು.

ರಾಜಣ್ಣ ತಿರುಗಿ ಹೆಂಡತಿಯ ಬೆನ್ನನ್ನು ನೋಡಿದ.

‘ಅದ್ನೂ ಹಾಕು’ ಅಂದ. ‘ನಂಗಲ್ಲ. ನಿಮ್ಮವ್ವಂಗೆ.’

‘ನಂಗ್ಯಾಕ್ರೀ ಮರ? ಸೆರಗು ಸಿಕ್ಕಂಡು ಬೀಳಕಾ?’

‘ಅಲ್ಲಿ ಬೀಳಕಾಗಲ್ಲ ಕಣೇ. ನೀ ಬೇಕಂದ್ರೂ ಆಗಲ್ಲ.’

ಜೀವಿತಾ ಹಳೆಯ ಮರವನ್ನು ಹೊಸದರ ಪಕ್ಕದಲ್ಲೇ ಕೂರಿಸಿದಳು. ಎರಡೂ ತಕರಾರಿಲ್ಲದೆ ಇದ್ದವು. ರಾಜಣ್ಣ ಕುರ್ಚಿ ಬಿಟ್ಟು ಗೋಡೆ ಹಿಡಿದು ನಿಂತ. ವನಜಾಕ್ಷಿ ಕೈಯನ್ನು ಸೀರೆಗೆ ಒರೆಸಿಕೊಂಡು, ಯಾರದೋ ಮನೆಯ ಶುಭಕಾರ್ಯಕ್ಕೆ ಬಂದವಳಂತೆ ಅಂಚಿನಲ್ಲಿ ಕೂತಳು. ಮೊದಮೊದಲು ಮನುಷ್ಯ ಬುಡದಲ್ಲೇ ಸುತ್ತಿದ. ಜೀವಿತಾ ಅವಳ ಕೈಯ ಮೇಲೆ ಕೈಯಿಟ್ಟು ತೋರಿಸಿದಳು. ಒಂದು ಕೊಂಬೆ, ಇನ್ನೊಂದು. ಕೈ ಜಾರಿತು. ಮನುಷ್ಯ ಗಾಳಿಯಲ್ಲಿ ತೇಲಿ, ಹಿಂದಕ್ಕೆ ಬಂದು ಅಂಟಿಕೊಂಡ. ವನಜಾಕ್ಷಿ ಮಗಳ ಕೈಯನ್ನು ಮೆಲ್ಲಗೆ ಸರಿಸಿದಳು.

ಆಮೇಲೆ ಅವಳೇ ಹತ್ತಿದಳು. ಹಾಲು ಹಿಂಡುವ ಹೊತ್ತು ಮೀರಿತು, ಹಿತ್ತಲಲ್ಲಿ ಎಮ್ಮೆ ಕೂಗಿತು, ಯಾರೂ ಏಳಲಿಲ್ಲ. ಹಕ್ಕಿಗಳು ದಾಟಿದವು. ಮೋಡ ಮುಖಕ್ಕೆ ಬಂದು ಹಿಂದಕ್ಕೆ ಸರಿಯಿತು. ಕೆಳಗೆ ನೋಡಬೇಡವೆಂದು ರಾಜಣ್ಣ ಮೂವತ್ತು ವರ್ಷದ ಅಭ್ಯಾಸದಿಂದ ಎಚ್ಚರಿಸಿದ. ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಅಲ್ಲಿ ಬೆಳಕು ಮೋಡದ ಸಂದಿನಿಂದ ಇಳಿದು, ನೀರನ್ನು ದಾಟಿ, ಮರದ ಬುಡದ ಹುಲ್ಲಿನ ಮೇಲೆ ಮಲಗಿತ್ತು.

‘ಬುಡದಲ್ಲಿ ಯಾರೂ ನಿಂತಿಲ್ಲ ಕಣ್ರೀ’ ಅಂದಳು ವನಜಾಕ್ಷಿ, ಮತ್ತು ಮೇಲಿನ ಕೊಂಬೆಗೆ ಕೈ ಚಾಚಿದಳು.