ಹನ್ನೊಂದನೇ ಪ್ಯಾರಾ

ರಾತ್ರಿ ಒಂದೂವರೆಗೆ ದಿಂಬಿನ ಕೆಳಗೆ ಫೋನು ಟಿಣ್ ಎಂದಿತು. ಅಷ್ಟು ಸಣ್ಣ ಸದ್ದಿಗೂ ನನಗೆ ಎಚ್ಚರವಾಗುತ್ತದೆ. ಪರದೇಶದ ಈ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ದೇಶಗಳಿಂದ ಕಾನೂನು ಸ್ನಾತಕೋತ್ತರ ಓದಲು ಬಂದವರಿಗೆ ಕೆಲಸ ಹುಡುಕಿಕೊಳ್ಳಲು ನೆರವಾಗುವುದು ನನ್ನ ನೌಕರಿ. ಅವರ ಭಯಗಳೆಲ್ಲ ನಡುರಾತ್ರಿಯ ನಂತರವೇ ನನ್ನ ಇಮೇಲ್‌ಗೆ ಬರುತ್ತವೆ.

"ನಿನ್ನ ಫೋನಿಗೂ ಒಂದು ಚಾಪೆ ಹಾಸ್ಲಾ?" ಎಂದು ನಮ್ಮವರು ಮಗ್ಗುಲು ಬದಲಿಸಿದರು.

"ನೀವು ಮಲಗ್ರೀ. ಯಾವನೋ ಹುಡುಗ ಬರಹ ಕಳಿಸಿದ್ದಾನೆ."

ಕಾನೂನು ಸಂಸ್ಥೆಗಳು ಅರ್ಜಿಯ ಜೊತೆ ಅಭ್ಯರ್ಥಿ ಸ್ವತಃ ಬರೆದ ಹತ್ತು ಪುಟಗಳ ಮಾದರಿ ಕೇಳುತ್ತವೆ. ಅದನ್ನು ಮೊದಲು ಓದುವವಳು ನಾನು. ಒಂದು ಪುಟ ಓದಿದೆ. ಎರಡನೆಯದು ಮುಗಿಯುವಷ್ಟರಲ್ಲಿ ಎದ್ದು ಕೂತಿದ್ದೆ. ಮೂರನೆಯದರಲ್ಲಿ ಏನಿದೆಯೆಂದು ತೆರೆಯುವ ಮೊದಲೇ ಗೊತ್ತಿತ್ತು. ಅದನ್ನು ಬರೆದವಳು ನಾನೇ.

ಹನ್ನೆರಡು ವರ್ಷದ ಹಿಂದೆ, ನನ್ನ ಊರಿನಲ್ಲಿ, ಒಬ್ಬ ಹಿರಿಯ ವಕೀಲರ ಛೇಂಬರ್‌ನಲ್ಲಿ ನಾನು ಜೂನಿಯರ್. ಎಲ್ಲರಿಗೂ ಅವರು 'ದೊಡ್ಡವರು'. ಅವರಿಗೆ ನಾನು 'ಮೂಲೆಮೇಜು'. ಅಲ್ಲಿ ಯಾರು ಬರೆದರೂ ಕೆಳಗೆ ಸಹಿ ದೊಡ್ಡವರದೇ. ಈ ಲಿಖಿತ ವಾದ ಬರೆದು ಮುಗಿಸಿದಾಗ, ತೀರ್ಪುಗಳನ್ನು ತಾಳೆ ನೋಡಲು ಒಂದು ದಿನ ಬೇಕೆಂದೆ. "ಒಂದು ದಿನ ಕೊಟ್ರೆ ನೀನು ಮಗ್ಗಿ ಬಾಯಿಪಾಠ ಮಾಡ್ಕೊಂಡು ಬರ್ತೀಯಾ?" ಎಂದು ನಕ್ಕು ಸಹಿ ಹಾಕಿದರು. ಹನ್ನೊಂದನೇ ಪ್ಯಾರಾದಲ್ಲಿ ನಾನು ಆಧಾರವಾಗಿ ಇಟ್ಟಿದ್ದ ತೀರ್ಪನ್ನು ಮೇಲಿನ ಕೋರ್ಟು ಆರು ತಿಂಗಳ ಹಿಂದೆಯೇ ರದ್ದು ಮಾಡಿತ್ತು. ಎದುರು ಪಕ್ಷದವರು ಅದನ್ನು ತೋರಿಸಿದಾಗ ಕೋರ್ಟ್ ಹಾಲ್ ತುಂಬ ನಗು. ದೊಡ್ಡವರು ಹಿಂದಕ್ಕೆ ತಿರುಗಿ ಫೈಲನ್ನು ನನ್ನ ಎದೆಗೆ ಎಸೆದರು. ಸಹಿ ಅವರದು, ತಪ್ಪು ಮಾತ್ರ ನನ್ನದು. ಮೂರು ವರ್ಷ ದುಡಿದದ್ದಕ್ಕೆ ಅನುಭವಪತ್ರವನ್ನೂ ಕೊಡಲಿಲ್ಲ. ಆ ಒಂದು ಹಾಳೆ ಇಲ್ಲದೆ ಇಲ್ಲಿ ಓದು ಮುಗಿಸಿದ ಮೇಲೆ ಯಾವ ಸಂಸ್ಥೆಯೂ ನನ್ನನ್ನು ಒಳಗೆ ಕರೆಯಲಿಲ್ಲ. ಹಾಗಾಗಿ ನಾನು ಬೇರೆಯವರನ್ನು ಒಳಗೆ ಕಳಿಸುವವಳಾದೆ.

ಹುಡುಗನ ರೆಸ್ಯೂಮೆ ತೆರೆದೆ. ಹುಟ್ಟಿದ ದಿನ, ಮದುವೆಯಾಗಿಲ್ಲ, ತಂದೆಯ ಹೆಸರು. ನಮ್ಮ ಕಡೆಯವರು ತಪ್ಪದೆ ಬರೆಯುವ, ನಾನು ತಪ್ಪದೆ ಅಳಿಸುವ ಸಾಲುಗಳು. ತಂದೆಯ ಹೆಸರು ದೊಡ್ಡವರದೇ.

ಬೆಳಿಗ್ಗೆ ಹತ್ತಕ್ಕೆ ಅವನು ನನ್ನ ಕೋಣೆಯಲ್ಲಿದ್ದ. ನಮ್ಮ ಭಾಷೆ ಕೇಳಿದ ಕೂಡಲೇ ಮುಖ ಅರಳಿತು.

"ಅಯ್ಯೋ, ನಮ್ಮೋರಾ ನೀವು! ಅಕ್ಕಾ ಅಂತೀನಿ, ಬೇಜಾರಿಲ್ಲ ತಾನೇ?"

"ಹಾಗೇ ಅನ್ನಪ್ಪಾ. ಇದನ್ನ ನೀನೇ ಬರೆದಿದ್ದಾ?"

ರೆಪ್ಪೆ ಒಂದು ಕ್ಷಣ ನಿಂತಿತು. "ಹೂಂ ಅಕ್ಕ. ಅಪ್ಪನ ಛೇಂಬರ್‌ನಲ್ಲಿದ್ದಾಗ. ಆಫೀಸಿನ ಕಂಪ್ಯೂಟರಲ್ಲಿ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ ಅಂತ ಅಪ್ಪಾನೇ ಹೇಳಿದ್ರು."

ಕಕ್ಷಿದಾರರ ಹೆಸರು, ತಾರೀಖು ಬದಲಾಯಿಸಿದ್ದ. ಉಳಿದದ್ದರಲ್ಲಿ ಒಂದು ಅಲ್ಪವಿರಾಮವನ್ನೂ ಮುಟ್ಟಿರಲಿಲ್ಲ. ಒಂದು ಕಾನೂನು ಸಂಸ್ಥೆಯವರು ಆ ವಾರ ನಮ್ಮಲ್ಲಿಗೇ ಬಂದು ನಡೆಸಲಿದ್ದ ಸಂದರ್ಶನ, ಅವನಿಗಿದ್ದದ್ದು ಅದೊಂದೇ. ಕೆಲಸ ಸಿಗದಿದ್ದರೆ ಅರವತ್ತು ದಿನದಲ್ಲಿ ದೇಶ ಬಿಡಬೇಕು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಒಂದು ಸಂಜೆಯಲ್ಲಿ ಹೊಸದು ಬರೆಯುವಷ್ಟು ಬುದ್ಧಿವಂತನೇ.

ಮೂರು ದಿನ ತಾಲೀಮು ಮಾಡಿಸಿದೆ. ಕೈ ಎಲ್ಲಿಡಬೇಕು, ಸಂಬಳದ ಮಾತು ಬಂದರೆ ಹೇಗೆ ನುಣುಚಿಕೊಳ್ಳಬೇಕು, ಎಲ್ಲವನ್ನೂ. ಹನ್ನೊಂದನೇ ಪ್ಯಾರಾದ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಯ ದಿನ ಅವನೇ ಕೇಳಿದ: "ಇದ್ರಲ್ಲಿ ಯಾವ ಭಾಗದ ಮೇಲೆ ಜಾಸ್ತಿ ಮಾತಾಡ್ಲಿ ಅಕ್ಕಾ?"

"ನಿನ್ನ ವಾದವೆಲ್ಲ ನಿಂತಿರೋದು ಹನ್ನೊಂದನೇ ಪ್ಯಾರಾ ಮೇಲೆ," ಎಂದೆ. ಅದು ಸುಳ್ಳಲ್ಲ.

ಅವನಿಗೆ ಕಳಿಸುವ, ಕಚೇರಿಯ ಕಡತಕ್ಕೂ ಹೋಗುವ ಇಮೇಲಿನಲ್ಲಿ ಪದಗಳನ್ನು ತೂಗಿ ಬರೆದೆ: 'ಭಾಷೆ ಮತ್ತು ವಿನ್ಯಾಸವನ್ನು ನೋಡಿದ್ದೇನೆ. ಉಲ್ಲೇಖಿಸಿದ ತೀರ್ಪುಗಳು ವಿದ್ಯಾರ್ಥಿಯ ಹೊಣೆ.' ಕಳಿಸುವ ಮುನ್ನ ನಾಲ್ಕು ಸಲ ಓದಿದೆ. ಖುಷಿಗೋ, ಅಂಜಿಕೆಗೋ.

ಸಂದರ್ಶನದ ಕೋಣೆಗೆ ಗಾಜಿನ ಗೋಡೆ. ಹೊರಗೆ ಕುರ್ಚಿ ಸರಿ ಮಾಡುವ ನೆಪದಲ್ಲಿ ನಿಂತೆ. ಸಂಸ್ಥೆಯಿಂದ ಬಂದಿದ್ದ ನೆರೆಗೂದಲಿನ ವಕೀಲೆ ಮೊದಲು ನಗುತ್ತಲೇ ಮಾತಾಡಿದರು. ಹುಡುಗ ಹುರುಪಿನಿಂದ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟ. ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿ ಅವನ ಕಡೆ ತಿರುಗಿಸಿದರು. ಅವನ ಕಿವಿ ಕೆಂಪಾದದ್ದು ಗಾಜಿನಾಚೆಯಿಂದಲೂ ಕಂಡಿತು. ಅರ್ಧ ಗಂಟೆಯ ಸಂದರ್ಶನ ಹನ್ನೆರಡು ನಿಮಿಷಕ್ಕೆ ಮುಗಿಯಿತು.

ನನ್ನ ಕೋಣೆಗೆ ಬಂದವನೇ ಕುಸಿದು ಕೂತ. "ಆ ತೀರ್ಪು ಸತ್ತು ಹನ್ನೆರಡು ವರ್ಷ ಆಗಿದ್ಯಂತೆ ಅಕ್ಕಾ. 'ನಿಜವಾಗ್ಲೂ ನೀನೇ ಬರೆದ್ಯಾ' ಅಂದ್ರು. ನೀವೂ ನೋಡಿರ್ಲಿಲ್ವಾ?"

"ನಾನು ನೋಡೋದು ಭಾಷೆ, ವಿನ್ಯಾಸ ಅಷ್ಟೇ. ನಿನಗೆ ಬರೆದಿದ್ನಲ್ಲಪ್ಪಾ."

ಅವನು ಅಪ್ಪನಿಗೆ ಫೋನು ಮಾಡಿದ. ಆ ಕಡೆಯ ಬೈಗುಳ ಮೇಜಿನ ಈಚೆಗೂ ಕೇಳಿತು. ಕೊನೆಗೆ ಅವನು ಫೋನನ್ನು ನನ್ನತ್ತ ಚಾಚಿದ. "ನಿಮ್ಮ ಹತ್ರ ಮಾತಾಡ್ಬೇಕಂತೆ."

"ನಮಸ್ಕಾರ ತಾಯೀ," ಎಂದರು ದೊಡ್ಡವರು. ಧ್ವನಿ ಮುದಿಯಾಗಿತ್ತು. ನಾನೂ ನಮಸ್ಕಾರ ಎಂದೆ, ಅವರಿಗೆ ಗುರುತು ಹತ್ತಲಿಲ್ಲ. "ಸಂದರ್ಶನ ಮಾಡಿದೋರ ಹತ್ರ ಒಂದು ಮಾತು ಹೇಳಿ. ಹುಡುಗನ ತಪ್ಪಿಲ್ಲ. ಅದನ್ನ ನನ್ನ ಛೇಂಬರ್‌ನಲ್ಲಿ ಯಾವಳೋ ಒಬ್ಬಳು ಗೀಚಿದ್ದು. ಅಕ್ಷರ ಜ್ಞಾನ ಇರ್ಲಿಲ್ಲ ಅವಳಿಗೆ. ಆಗ ನನ್ನ ಮಾನ ಕಳೆದ್ಲು, ಈಗ ನನ್ನ ಮಗನ ಬದುಕು ಹಾಳು ಮಾಡಿದ್ಲು."

ನಾಲಿಗೆಯ ತುದಿಯಲ್ಲಿತ್ತು, ನಾನೇ ಆ ಯಾವಳೋ ಒಬ್ಬಳು ಎಂದು. ಒಂದೇ ಉಸಿರಿನ ಮಾತು. ಹುಡುಗ ಒದ್ದೆ ಕಣ್ಣಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಹಾಗೇ ಹೇಳ್ತೀನಿ ಸರ್," ಎಂದೆ. "ಆದ್ರೆ ಅವರು ಕೇಳೋದು ಒಂದೇ. ಅದಕ್ಕೆ ಸಹಿ ಹಾಕಿದ್ದು ಯಾರು?"

ಆ ಕಡೆ ಕೆಮ್ಮು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಹುಡುಗ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು, ನನಗೆ ಥ್ಯಾಂಕ್ಸ್ ಬೇರೆ ಹೇಳಿ ಹೋದ. ಆ ಥ್ಯಾಂಕ್ಸ್ ಸ್ವಲ್ಪ ಚುಚ್ಚಿತು. ಸ್ವಲ್ಪವೇ.

ಸಂಜೆ ನಮ್ಮವರು ಶೂ ಬಿಚ್ಚುತ್ತ ಕೇಳಿದರು: "ಏನಮ್ಮಾ, ಲಾಟರಿ ಹೊಡೆದವಳ ಹಾಗಿದ್ದೀಯ. ಆ ನಡುರಾತ್ರಿ ಹುಡುಗ ಏನಾದ?"

ದೊಡ್ಡವರ ಕಥೆ ನೂರು ಸಲ ಕೇಳಿ ನನಗಿಂತ ಹೆಚ್ಚು ಹಲ್ಲು ಕಡಿದಿದ್ದವರು ಅವರು. ಹೇಳಿದರೆ ಮೊದಲು ಕುಣಿಯುತ್ತಾರೆ. ನಾಳೆಯೋ ನಾಡಿದ್ದೋ ಮೆಲ್ಲಗೆ, 'ಆ ಮಗು ಏನು ಮಾಡಿತ್ತೇ?' ಎನ್ನುತ್ತಾರೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲವೆಂದು ಈ ಸುಖವನ್ನು ಬಿಟ್ಟುಕೊಡಲೂ ನಾನು ತಯಾರಿಲ್ಲ.

"ಆಗ್ಲಿಲ್ಲ ರೀ," ಎಂದೆ. "ಸರಿಯಾಗಿ ಓದ್ಕೊಂಡಿರ್ಲಿಲ್ಲ."

"ಛೆ, ಪಾಪ," ಎಂದು ಅವರು ಕೈಕಾಲು ತೊಳೆಯಲು ಹೋದರು. ಅವರಿಗಾಗಲಿ ಬೇರೆ ಯಾರಿಗಾಗಲಿ ಇದನ್ನು ಎಂದೂ ಹೇಳಬಾರದೆಂದು ಅಲ್ಲಿಯೇ, ಬಾಗಿಲ ಬಳಿ ನಿಂತೇ, ತೀರ್ಮಾನಿಸಿದೆ.