ಅಮರೇಶಪ್ಪನವರು ಓಡಿದ್ದು

ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಮರೇಶಪ್ಪನವರ ನಡಿಗೆಯನ್ನು ಅರಿಯದವರಿರಲಿಲ್ಲ. ರಾಯಚೂರು ಕಡೆಯ ಎತ್ತರದ ಆಳು. ಕಾರ್ಖಾನೆಯ ನೌಕರಿಯಿಂದ ನಿವೃತ್ತರಾದ ಮೇಲೆ ಬೆಳಗಿನ ವಾಕಿಂಗನ್ನೇ ನೌಕರಿ ಮಾಡಿಕೊಂಡಿದ್ದರು. ಮೊಣಕೈ ಬೀಸುತ್ತ, ದಾಪುಗಾಲು ಹಾಕುತ್ತ ಅವರು ಬಂದರೆ ಎದುರಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಆದರೆ ಎಷ್ಟೇ ಜೋರಾದರೂ ಅದು ನಡಿಗೆಯೇ. ವಯಸ್ಸಾದವನು ಓಡಿದರೆ ಮರ್ಯಾದೆ ಉಳಿಯುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಇದರಿಂದ ಪೇಚಿಗೆ ಸಿಕ್ಕವರು ಹೆಂಡತಿ ಶಿವದೇವಿ. ಅವರು ಗಿಡ್ಡ. ಗಂಡನ ಜೊತೆ ಹೋಗಬೇಕೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಣ್ಣಗೆ ಓಡಲೇಬೇಕು. ಓಡಿದರೆ ಅಮರೇಶಪ್ಪನವರು ಗದರುವರು, ಹಿಂದೆ ಬಿದ್ದರೆ ಗೊಣಗುವರು.

ಮಗಳು ಚಿನ್ಮಯಿ ಕ್ರೀಡಾವಿಜ್ಞಾನ ಓದುತ್ತಿದ್ದಳು. ನಡೆಯುವಾಗ, ಓಡುವಾಗ ಕಾಲಿನ ಸ್ನಾಯುಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದು ಅವಳ ಪ್ರಾಜೆಕ್ಟು. ಅದಕ್ಕೆ ಹಿರಿಯರು ಬೇಕಾಗಿದ್ದರು. ಡಾಕ್ಟರು ಪರೀಕ್ಷಿಸಿ ಒಪ್ಪಿದ ಮೇಲೆ ಅವಳು ಅಪ್ಪ ಅಮ್ಮ ಇಬ್ಬರನ್ನೂ ಲ್ಯಾಬಿಗೆ ಕರೆದೊಯ್ದಳು. ಶಿವದೇವಿ ಮಗಳ ಚೂಡಿದಾರ ತೊಟ್ಟು ನಾಚುತ್ತ ಬಂದರು. ಅಮರೇಶಪ್ಪನವರು ಮಾತ್ರ ಬಹುಮಾನ ತರಲು ಹೊರಟವರಂತಿದ್ದರು.

ಇಬ್ಬರ ಕಾಲಿಗೂ ಒಂದೊಂದು ಪಟ್ಟಿ ಕಟ್ಟಲಾಯಿತು. ಪಟ್ಟಿಯೊಳಗಿನ ಬೆಳಕು ಚರ್ಮದ ಕೆಳಗಿಳಿದು, ಸ್ನಾಯುವಿನ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ ಎಂದು ಚಿನ್ಮಯಿ ವಿವರಿಸಿದಳು. ಅಕ್ಕಪಕ್ಕದ ಎರಡು ಟ್ರೆಡ್‌ಮಿಲ್ ಶುರುವಾದವು. ನಿಧಾನ ನಡಿಗೆಯಲ್ಲಿ ಎರಡೂ ಗೆರೆ ಮಲಗಿದಂತಿದ್ದವು. ಆಮೇಲೆ ಅವಳು ವೇಗವನ್ನು ಅಪ್ಪನ ಬೆಳಗಿನ ನಡಿಗೆಯ ಮಟ್ಟಕ್ಕೇರಿಸಿದಳು. ಶಿವದೇವಿ ರೂಢಿಯಂತೆ ಓಡತೊಡಗಿದರು. ಅವರ ಗೆರೆ ತುಸು ಇಳಿದು ಅಲ್ಲೇ ನಿಂತಿತು. ಅಮರೇಶಪ್ಪನವರು ಹಲ್ಲು ಕಚ್ಚಿ ನಡೆದರು. ಅವರ ಗೆರೆ ಇಳಿಯಿತು, ಇನ್ನೂ ಇಳಿಯಿತು.

ತಮ್ಮ ಪಟ್ಟಿ ಕೆಟ್ಟಿದೆಯೆಂದು ಅವರು ತಕರಾರು ತೆಗೆದರು. ಪಟ್ಟಿ ಅದಲುಬದಲು ಮಾಡಿದರೂ ಗೆರೆಗಳು ಹಾಗೇ ಬಂದವು.

“ಅಪ್ಪಾ, ಇಷ್ಟು ಜೋರ ನಡೀಬೇಕಂದ್ರ ಮೊಣಕಾಲ ಕೆಳಗಿನ ಸ್ನಾಯು ಭಾಳ ದುಡೀಬೇಕು,” ಎಂದಳು ಚಿನ್ಮಯಿ. “ಓಡಿದ್ರ ಹಿಮ್ಮಡದ ಸ್ನಾಯುರಜ್ಜು ಸ್ಪ್ರಿಂಗಿನಂಗ ಪುಟಿದು ಒಂದಿಷ್ಟು ಕೆಲಸ ತಾನ ಮಾಡ್ತೈತಿ. ನೀನು ಅದಕ್ಕ ಆಸ್ಪದಾನ ಕೊಡಾಕತ್ತಿಲ್ಲ.”

ಅದೇ ವೇಗದಲ್ಲಿ ಒಮ್ಮೆ ಓಡಿ ನೋಡು ಎಂದು ಅವಳು ಕೇಳಿಕೊಂಡಳು. ಅಮರೇಶಪ್ಪನವರು ಪರದೆಯ ಕಡೆ, ಆಮೇಲೆ ತೆರೆದ ಬಾಗಿಲಿನ ಕಡೆ ನೋಡಿದರು.

“ಮೊದಲ ಆ ಬಾಗಲಾ ಹಾಕು,” ಎಂದರು.

ಬಾಗಿಲು ಹಾಕಿದ ಮೇಲೆ ಓಡಿದರು. ಮೊದಲು ಮುಜುಗರದಿಂದ, ಆಮೇಲೆ ಅದನ್ನು ಮರೆತು. ಗೆರೆ ಮೆಲ್ಲಗೆ ಮೇಲೇರಿತು, ಕಾಲಿನ ಬಿಗಿತವೂ ಸಡಿಲಾಯಿತು. ಮೆಟ್ರೋದಲ್ಲಿ ಮನೆಗೆ ಬರುವಾಗ ಅವರು ನಡುನಡುವೆ ಬಗ್ಗಿ ತಮ್ಮ ಹಿಮ್ಮಡ ಒತ್ತಿ ನೋಡಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಸುತ್ತ ನಾಲ್ಕು ಹೆಜ್ಜೆ ನಡೆದು, ಅತ್ತಿತ್ತ ನೋಡಿ, ಓಡಿಯೇಬಿಟ್ಟರು. ಏನೋ ಅವಘಡವಾಗಿದೆಯೆಂದು ವಾಚ್‌ಮನ್ ಗಾಬರಿಯಾಗಿ ಗೇಟು ತೆರೆದ. ಅವರಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಹೊಸ ಸೈಕಲ್ ಸಿಕ್ಕ ಹುಡುಗನ ಹಾಗೆ ವೇಗ ಹೆಚ್ಚಿಸುತ್ತ ಮೂಲೆ ತಿರುಗಿ ಮರೆಯಾದರು.

ಶಿವದೇವಿ ಹಿಂಬಾಲಿಸಲು ನೋಡಿ, ನಿಂತುಬಿಟ್ಟರು. ಇನ್ನು ಯಾರ ಜೊತೆಗೂ ಹೆಜ್ಜೆ ಹೊಂದಿಸಬೇಕಾಗಿಲ್ಲ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಎರಡನೇ ಮಹಡಿಯ ಉಮಾಬಾಯಿ ಚಪ್ಪಲಿ ಎಳೆಯುತ್ತ ಬಂದರು. ಇಬ್ಬರೂ ಆರಾಮಾಗಿ ನಡೆಯತೊಡಗಿದರು. ದಾರಿಯ ಬದಿಯಲ್ಲಿ ಒಂದು ಸಂಪಿಗೆ ಗಿಡವಿದೆ ಎಂಬುದನ್ನೇ ಶಿವದೇವಿ ಈವರೆಗೆ ನೋಡಿರಲಿಲ್ಲ. ಉಮಾಬಾಯಿ ಸೊಸೆಯ ಸೀಮಂತದ ಸುದ್ದಿ ತೆಗೆದರು.

ಸುದ್ದಿ ರಂಗೇರುವ ಹೊತ್ತಿಗೆ ಅಮರೇಶಪ್ಪನವರು ಏದುಸಿರು ಬಿಡುತ್ತ ಹಿಂದಿನಿಂದ ಬಂದು, ಬೆವರೊರೆಸಿಕೊಂಡು, ಮನೆಗೆ ಹೋಗೋಣವೇ ಎಂದು ಕೇಳಿದರು.

“ನಮ್ಮ ಮಾತು ಇನ್ನೂ ಮುಗಿದಿಲ್ರಿ,” ಎಂದರು ಶಿವದೇವಿ. “ನೀವು ಇನ್ನೊಂದು ಸುತ್ತು ಹೋಗಿ ಬರ್ರಿ.”

ಅವರು ಖುಷಿಯಿಂದಲೇ ಹೋದರು.