ಬೆಕ್ಕಿನ ಹಾಸಿಗೆ

ಮೊದಲ ಎಚ್ಚರಿಕೆ ಬಂದ ದಿನ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಹದಿನೆಂಟು ವರ್ಷದಿಂದ ಹೊಲಿಗೆ ಯಂತ್ರ ತುಳಿದವಳು ನಾನು. ಎಳೆಗೂಸು ಉರುಳದ ಹಾಗೆ ಎರಡು ಬದಿಗೂ ಮೆತ್ತನೆಯ ದಿಂಡು ಕೊಟ್ಟು ದಿಂಬು ಹೊಲಿಯುವುದನ್ನು ಕಣ್ಣಿಗೆ ಕಾಣದ ಯಾರೋ ಪುಣ್ಯಾತ್ಮರು ಬಂದು ನನಗೆ ಕಲಿಸಬೇಕೇ? ನಾನು ಸರಕು ಮಾರುವ ಆನ್‌ಲೈನ್ ಅಂಗಡಿಯವರು, ನಿಮ್ಮ ದಿಂಬಿನ ಪುಟ ನಮ್ಮ ನಿಯಮಕ್ಕೆ ವಿರುದ್ಧವಾಗಿದೆ ಎಂದು ಕೆಂಪಕ್ಷರದಲ್ಲಿ ಬರೆದಿದ್ದರು. ಕೆಳಗೆ 'ಕಾರಣ ಓದಿ' ಎಂಬ ಗುಂಡಿಯಿತ್ತು. ಅದನ್ನು ಒತ್ತಿಕೊಂಡು ಕೂರಲು ಯಾರಿಗೆ ಪುರುಸೊತ್ತು?

ಕಂಪ್ಯೂಟರಿನ ಕೆಲಸವೆಲ್ಲ ನನ್ನ ಮೈದುನನದು. ಅವನು ನೋಡಿ ನಕ್ಕ. ಅಲ್ಲಿ ಕೂತು ಪರೀಕ್ಷೆ ಮಾಡುವುದು ಮನುಷ್ಯರಲ್ಲವಂತೆ, ಯಂತ್ರವಂತೆ. ಅದಕ್ಕೆ ಕೆಲವು ಪದ ಕಂಡರೆ ಮೈ ಉರಿಯುತ್ತದಂತೆ. 'ನಿದ್ದೆ' ತೆಗೆದು 'ವಿಶ್ರಾಂತಿ' ಎಂದು ಹಾಕಿದ. ವಾರದೊಳಗೆ ಎರಡನೆಯ ಎಚ್ಚರಿಕೆ ಬಂತು. 'ಮಗು' ತೆಗೆದು 'ಪುಟಾಣಿ' ಎಂದ. ಮೂರನೆಯದು ಬಂದಾಗ ನನಗೆ ತಲೆಕೆಟ್ಟು, ಇನ್ನು ಬೆಕ್ಕು ಮಲಗಿಸೋದಕ್ಕೆ ಅಂತ ಬರಿ ಮಾರಾಯ ಎಂದೆ. ಬಾಯಿಗೆ ಬಂದದ್ದು ಆಡಿದ ಮಾತು ಅದು. ಆಸಾಮಿ ಅದನ್ನೇ ಬರೆದುಬಿಟ್ಟ. ಸಾಕುಪ್ರಾಣಿಗಳ ವಿಭಾಗ, ಬೆಕ್ಕಿನ ಹಾಸಿಗೆ. ಎಚ್ಚರಿಕೆ ನಿಂತಿತು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಕೊಂಡವರಾರೂ ಬೆಕ್ಕಿಗೆ ಕೊಳ್ಳಲಿಲ್ಲ. ಪುಟದಲ್ಲಿದ್ದ ಹಳೆಯ ಮೆಚ್ಚುಗೆಗಳನ್ನು ಓದಿ ತಾಯಂದಿರೇ ಬರುತ್ತಿದ್ದರು. ಅವರಲ್ಲೊಬ್ಬಳಿಗೆ ಚೊಚ್ಚಲ ಹೆಣ್ಣುಕೂಸು, ಹುಟ್ಟಿ ಇಪ್ಪತ್ತೆರಡು ದಿನ. ಅಂಗಡಿಯ ಸಂದೇಶದಲ್ಲಿ ದಿನಕ್ಕೆ ನಾಲ್ಕು ಸಲ ಏನಾದರೂ ಕೇಳುತ್ತಿದ್ದಳು. ತನಗೆ ತಾಯಿಯಿಲ್ಲ, ಕೇಳುವುದಕ್ಕೆ ಇರುವವರು ನೀವೊಬ್ಬರೇ ಅಕ್ಕ ಎಂದು ಬರೆದಿದ್ದಳು. ನನಗೂ ಒಳಗೊಳಗೇ ಹೆಮ್ಮೆ. ನಿನ್ನೆ, ಮಗು ಬದಿಯ ದಿಂಡಿಗೆ ಮುಖ ತಿರುಗಿಸುತ್ತಾಳೆ, ಪರವಾಗಿಲ್ಲವೇ ಎಂದು ಕೇಳಿದಳು. ನನ್ನ ಕೈಯಲ್ಲಿ ಕತ್ತರಿಯಿತ್ತು, ಮುಂದೆ ಬಟ್ಟೆ ಹರಡಿತ್ತು. ಒಂದೇ ಬೆರಳಲ್ಲಿ ಉತ್ತರ ಕುಟ್ಟಿದೆ.

"ಏನೂ ಆಗಲ್ಲ ಕಣಮ್ಮ, ಬಟ್ಟೆ ಮೆತ್ತಗಿದೆ."

ಈ ದಿನ ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ನಮ್ಮ ಖಾತೆಯನ್ನೇ ಮುಚ್ಚಿದರು. ನಿಷೇಧಿಸಿದ ಸರಕನ್ನು ಬೇರೆ ಹೆಸರಿನಲ್ಲಿ ಮಾರಿದ್ದೀರಿ ಎಂಬ ಆರೋಪ. ಮೈದುನನ ಮುಖದಲ್ಲಿ ನಗುವಿರಲಿಲ್ಲ. ಮನವಿ ಸಲ್ಲಿಸಬೇಕಾದರೆ ಆ ಕಾರಣವನ್ನು ಸಾಲುಸಾಲಾಗಿ ಓದಿ, ಪ್ರತಿ ಸಾಲಿಗೂ ಒಪ್ಪಿಗೆಯ ಗುರುತು ಹಾಕಬೇಕಿತ್ತು. ಅವನು ಗಟ್ಟಿಯಾಗಿ ಓದುತ್ತ ಹೋದ. ಇಂಥ ದಿಂಬುಗಳಲ್ಲಿ ಶಿಶುಗಳು ಸತ್ತಿವೆ. ಕುತ್ತಿಗೆ ಬಲಿಯದ ಶಿಶು ಮೆತ್ತನೆಯ ದಿಂಡಿಗೆ ಮುಖ ಒತ್ತಿದರೆ ತಾನಾಗಿ ಈಚೆಗೆ ತಿರುಗಿಸಿಕೊಳ್ಳಲಾರದು. ಉಸಿರು ಕಟ್ಟುವಾಗ ಅದು ಅಳುವುದಿಲ್ಲ. ನೋಡುವವರಿಗೆ ನಿದ್ದೆ ಮಾಡಿದಂತೆಯೇ ಕಾಣುತ್ತದೆ.

ಅವನನ್ನು ಪಕ್ಕಕ್ಕೆ ತಳ್ಳಿ ಅವಳ ಸಂದೇಶ ತೆರೆದೆ. ಹಳೆಯ ಮಾತುಕತೆಯೆಲ್ಲ ಹಾಗೇ ಇತ್ತು, ಬರೆಯುವ ಜಾಗ ಮಾತ್ರ ಮಾಸಿಹೋಗಿತ್ತು. ಮುಚ್ಚಿದ ಖಾತೆಗೆ ಸಂದೇಶ ಬರುತ್ತದೆ, ಅಲ್ಲಿಂದ ಉತ್ತರ ಕಳಿಸುವಂತಿಲ್ಲ. ಕೊಂಡವರ ಫೋನ್ ನಂಬರನ್ನು ಅಂಗಡಿಯವರು ನಮಗೆಂದೂ ಕೊಟ್ಟವರಲ್ಲ. ಪೊಟ್ಟಣದ ಮೇಲೆ ಅಂಟಿಸುವ ಚೀಟಿಯಲ್ಲಿ ವಿಳಾಸವಿರುವುದಿಲ್ಲ, ಬರೀ ಕಪ್ಪು ಗೆರೆಗಳು. ಸಹಾಯವಾಣಿಯಲ್ಲಿ ರೆಕಾರ್ಡು ಮಾಡಿಟ್ಟ ಹೆಣ್ಣು ದನಿ, ಎರಡು ದಿನದಲ್ಲಿ ನಿಮ್ಮ ದೂರು ನೋಡುತ್ತೇವೆ ಎಂದಿತು. ಕೂಸಿನ ಜೀವದ ಪ್ರಶ್ನೆ ತಾಯಿ ಎಂದು ನಾನು ಆ ಯಂತ್ರಕ್ಕೆ ಅಂಗಲಾಚಿದೆ. ಅದು ಒಂದನ್ನು ಒತ್ತಿ ಎಂದಿತು.

ಮೈದುನ ಹೊಸ ಖಾತೆ ತೆರೆಯಲು ಹೊರಟ. ಗುರುತಿನ ದಾಖಲೆ ಪರಿಶೀಲನೆಯಲ್ಲಿದೆ, ಕಾಯಿರಿ ಎಂದು ಬಂತು. ಅಷ್ಟರಲ್ಲಿ ಅವಳ ಸಂದೇಶ ಬಿತ್ತು.

"ಅಕ್ಕ, ದಿಂಡಿಗೆ ಮುಖ ಒತ್ಕೊಂಡೇ ಮಲಗಿದಾಳೆ. ಒಂದು ಗಂಟೆ ಆಯ್ತು, ಮಿಸುಕಾಡಿಲ್ಲ. ಎಬ್ಬಿಸ್ಲಾ?"

ಎತ್ತಿಕೋ, ಎತ್ತಿಕೋ ಎಂದು ಆ ಮಾಸಿದ ಜಾಗದ ಮೇಲೆ ಕುಟ್ಟಿದೆ. ಒಂದಕ್ಷರವೂ ಮೂಡಲಿಲ್ಲ. ಹೋಗ್ತಿಲ್ಲ ಅತ್ತಿಗೆ ಎಂದು ಮೈದುನ ನನ್ನ ಕೈ ಹಿಡಿದ. ಬಿಡಿಸಿಕೊಂಡು ಮತ್ತೆ ಕುಟ್ಟಿದೆ. ಪಾಪಿ ನಾನು, ಅವಳ ಹೆಸರು ಬಿಟ್ಟು ಊರು ಯಾವುದೆಂದೂ ಕೇಳಿರಲಿಲ್ಲ.

ಹತ್ತು ನಿಮಿಷದ ಮೇಲೆ ಇನ್ನೊಂದು ಬಂತು.

"ನೀವು ಕೆಲಸದಲ್ಲಿರ್ಬೇಕು, ತೊಂದರೆ ಕೊಡಲ್ಲ. ಎಬ್ಬಿಸ್ಬೇಕು ಅಂತಿದ್ರೆ ಇಷ್ಟೊತ್ತಿಗೆ ಹೇಳ್ತಿದ್ರಿ ಅಲ್ವಾ ಅಕ್ಕ? ಮಲಗ್ಲಿ, ಬಿಡ್ತೀನಿ."